ಬಾಗಿಲಿಗೆ ಅಡ್ಡವಿಟ್ಟ ಬಿಲ್ಲೆ

ಎದುರಿಗೆ ಎಲ್ಲರೂ ಅವನನ್ನು ಸಾರ್ ಎನ್ನುತ್ತಿದ್ದರು, ಬೆನ್ನು ತಿರುಗಿಸಿದೊಡನೆ ತಕ್ಕಡಿ ಎನ್ನುತ್ತಿದ್ದರು. ಆ ಅಡ್ಡಹೆಸರು ಅವನ ಕಿವಿಗೂ ಬಿದ್ದಿತ್ತು. ಬೇರೆಯವನಾಗಿದ್ದರೆ ಮುಖ ಸಿಂಡರಿಸುತ್ತಿದ್ದ. ಇವನು ಮೀಸೆಯ ಸಂದಿಯಲ್ಲೇ ನಕ್ಕು ಸುಮ್ಮನಾದ. ತೂಗುವವನು ತಾನು, ತೂಗಿಸಿಕೊಳ್ಳುವವರು ಉಳಿದ ಜನ ಎಂದಾದ ಮೇಲೆ ಅಂಥ ಮನುಷ್ಯನಿಗೆ ಇನ್ನೇನು ಬೇಕು ಹೇಳಿ?

ಅವನ ಕೆಲಸದ ಜಾಗ ದೊಡ್ಡದೊಂದು ತಗಡಿನ ಶೆಡ್ಡು. ಶೆಡ್ಡಿನ ತುಂಬ ಒಂದೇ ಒಂದು ನೀರಿನ ತೊಟ್ಟಿ, ಬಸ್ಸು ಇಳಿಸಿದರೂ ಮುಳುಗುವಷ್ಟು ಆಳ. ತೊಟ್ಟಿಯ ಒಂದು ತುದಿಯಲ್ಲಿ ಮೋಟಾರಿಗೆ ಜೋಡಿಸಿದ ಅಗಲವಾದ ಹಲಗೆ. ಅದು ಹಿಂದಕ್ಕೂ ಮುಂದಕ್ಕೂ ಆಡಿದರೆ ನೀರಿನಲ್ಲಿ ಅಲೆ ಏಳುತ್ತಿತ್ತು. ಸಮುದ್ರದಲ್ಲಿ ಎಣ್ಣೆಬಾವಿ ಕೊರೆಯುವ ಹಡಗಿನಿಂದ ತಳದ ಬಾವಿಯವರೆಗೆ ಉಕ್ಕಿನ ಉದ್ದನೆಯ ಕೊಳವೆಯೊಂದು ಇಳಿದಿರುತ್ತದೆ, ರೈಸರ್ ಅಂತ. ಅಲೆಗಳು ಹಗಲಿರುಳು ಅದನ್ನು ತಳ್ಳಿ ಬಗ್ಗಿಸುತ್ತಲೇ ಇರುತ್ತವೆ. ಎಲ್ಲಿ ಎಷ್ಟು ಬಗ್ಗುತ್ತದೆ ಎಂದು ಮೊದಲೇ ತಿಳಿದುಕೊಳ್ಳದಿದ್ದರೆ ಒಂದು ದಿನ ಲಟಕ್ಕನೆ ಮುರಿಯುತ್ತದೆ. ಅದಕ್ಕೇ ಅದರದೊಂದು ಸಣ್ಣ ಮಾದರಿ ಮಾಡಿ, ತೊಟ್ಟಿಯಲ್ಲಿ ನಿಲ್ಲಿಸಿ, ಮೈತುಂಬ ಗೇಜು ಅಂಟಿಸಿ, ಅಲೆ ಹೊಡೆಸಿ ಬಾಗನ್ನು ಅಳೆಯುತ್ತಿದ್ದರು.

ಮಹಡಿಯ ಮೇಲೆ ಕೂತವರದು ಲೆಕ್ಕ, ಕೆಳಗೆ ಶೆಡ್ಡಿನವರದು ಅಳತೆ. ಕೊಳವೆ ಇಷ್ಟು ಬಗ್ಗುತ್ತದೆ ಎಂದು ಲೆಕ್ಕದವರು ಕಂಪ್ಯೂಟರಿನಲ್ಲಿ ಮೊದಲೇ ಕಂಡುಹಿಡಿದು, ಗೆರೆ ಎಳೆದು, ಕವರಿಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಅಡ್ಡಡ್ಡ ಸಹಿ ಮಾಡಿ ಕೆಳಗೆ ಕಳಿಸಬೇಕು. ಕವರು ಬೀರುವಿನೊಳಗೆ ಹೋಗುತ್ತದೆ. ಅಳತೆ ಮುಗಿಯುವವರೆಗೆ ಅದನ್ನು ಯಾರೂ ಒಡೆಯುವ ಹಾಗಿಲ್ಲ. ಲೆಕ್ಕ ಮೊದಲೇ ಕಂಡುಬಿಟ್ಟರೆ ಅಳೆಯುವವನ ಕೈ ಅದರ ಕಡೆಗೇ ವಾಲುತ್ತದೆ, ಅಳತೆ ಕೆಡುತ್ತದೆ. ಕೊನೆಗೆ ಎಲ್ಲರನ್ನೂ ಕೂಡಿಸಿ, ಕವರು ಒಡೆದು, ಗಟ್ಟಿಯಾಗಿ ಓದಿ, ಎರಡೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟು, ಅಳೆದವನು ಎರಡರಲ್ಲಿ ಒಂದು ಮಾತು ಹೇಳಬೇಕು: ತಾಳೆ, ಇಲ್ಲವೇ ತಾಳೆಯಿಲ್ಲ. ಈ ನಿಯಮ ಮಾಡಿದವನು ತಕ್ಕಡಿಯೇ.

ನಿಯಮ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ 'ತಾಳೆಯಿಲ್ಲ' ಎನ್ನುವಾಗ ಅವನ ಮುಖ ನೋಡಬೇಕಿತ್ತು ನೀವು, ಮದುವೆ ಮನೆಯ ಯಜಮಾನನ ಹಾಗೆ ಅರಳುತ್ತಿತ್ತು. ಒಮ್ಮೆ ಹೊಸ ಇಂಜಿನಿಯರ್ ಒಬ್ಬನ ಲೆಕ್ಕ ಅಳತೆಯ ಅರ್ಧಕ್ಕೂ ಬರಲಿಲ್ಲ. ಪಾಪದವನು, ಮಾತಾಡಿದರೆ ತೊದಲುವವನು. "ನಿನ್ನ ಅಂಕಿ ನೀನೇ ಓದಪ್ಪ. ಗಟ್ಟಿಯಾಗಿ. ಕೇಳಿಸಲಿಲ್ಲ, ಇನ್ನೊಂದ್ಸಲ," ಎಂದು ಮತ್ತೆ ಮತ್ತೆ ಓದಿಸಿದ. ಕೂತವರೆಲ್ಲ ನಕ್ಕರು. ಅವತ್ತಿನಿಂದ ಅವನಿಗೆ 'ಅಂದಾಜು' ಎಂದೇ ಹೆಸರಾಯಿತು, ಊಟದ ಕೋಣೆಯಲ್ಲಿ, ಮೆಟ್ಟಿಲ ಮೇಲೆ, ಎಲ್ಲಿ ಕಂಡರೂ "ಏನಯ್ಯ ಅಂದಾಜು, ಊಟ ಆಯ್ತಾ, ಇಲ್ಲ ಆಗಿರಬಹುದಾ?" ಅಂದಾಜು ಮಳೆಗಾಲ ಮುಗಿಯುವುದರೊಳಗೆ ಕೆಲಸ ಬಿಟ್ಟು ಹೋದ. ತಕ್ಕಡಿ ಅದನ್ನು ಮನೆಯಲ್ಲಿ ಹೆಂಡತಿಗೆ ಹೇಳಿ, ಅನ್ನ ನೆತ್ತಿಗೇರುವಷ್ಟು ನಕ್ಕ.

ಅವನು ಯಾರಿಗೂ ಬಿಟ್ಟುಕೊಡದ ಕೆಲಸ ಒಂದಿತ್ತು. ಕೊಳವೆಯನ್ನು ಮೇಲಿನಿಂದ ಬಿಗಿಯಾಗಿ ಎಳೆದು ಹಿಡಿಯಬೇಕು. ಬಟ್ಟೆ ಒಣಹಾಕುವ ಹಗ್ಗ ಸಡಿಲವಾದರೆ ಸಣ್ಣ ಗಾಳಿಗೂ ಓಲಾಡುವುದಿಲ್ಲವೇ, ಹಾಗೆಯೇ ಎಳೆತ ಕಡಿಮೆಯಾದರೆ ಕೊಳವೆ ಹೆಚ್ಚು ಬಗ್ಗುತ್ತದೆ. ಎಳೆಯಲು ರಾಟೆಯ ಮೇಲೆ ಹಾಯಿಸಿದ ತಂತಿಯ ತುದಿಗೆ ಎರಕದ ಕಬ್ಬಿಣದ ಬಿಲ್ಲೆಗಳನ್ನು ನೇತುಹಾಕುತ್ತಿದ್ದರು. ಬಿಲ್ಲೆ ಮುಟ್ಟುವವನು ತಕ್ಕಡಿ ಒಬ್ಬನೇ. ಇನ್ನೊಬ್ಬರು ಬಂದು ಎಣಿಸಿ ನೋಡುವುದನ್ನೂ ಅವನು ಸಹಿಸುತ್ತಿರಲಿಲ್ಲ. "ನಾನು ಹಾಕಿದ್ದನ್ನ ಎಣಿಸೋಕೆ ಇನ್ನೂ ಯಾರೂ ಹುಟ್ಟಿಲ್ಲ," ಎನ್ನುತ್ತಿದ್ದ. ಫಿಟ್ಟರ್ ಕೂಡ ಆ ಹೊತ್ತಿಗೆ ದೂರ ಹೋಗಿ ನಿಲ್ಲುತ್ತಿದ್ದ.

ಇಂಥವನಿಗೆ ಒಬ್ಬಳೇ ಮಗಳು. ಮನೆಯಲ್ಲಿ ಪುಟ್ಟಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವನಿಗೆ ಬಂಗಾರದಂಥ ಮಗಳಲ್ಲೂ ಕಂಡದ್ದು ಬರೀ ಹೆಗ್ಗಣ. ತರಗತಿಗೆ ಎರಡನೆಯವಳಾಗಿ ಬಂದರೆ "ಒಬ್ಬ ನಿನಗಿಂತ ಮೇಲಿದಾನಲ್ಲ," ಮೊದಲನೆಯವಳಾಗಿ ಬಂದರೆ "ನಿನ್ನ ಕ್ಲಾಸಲ್ಲಿ ಎಲ್ಲಾ ದಡ್ಡರೇ ಇರಬೇಕು." ಆ ಹುಡುಗಿಯೂ ಸುಮ್ಮನಿರದೆ ಇಂಜಿನಿಯರಿಂಗ್ ಓದಿ, ಇಡೀ ಪ್ರಪಂಚ ಬಿಟ್ಟು, ಅಪ್ಪನ ತಲೆಯ ಮೇಲಿನ ಮಹಡಿಗೇ ಕೆಲಸಕ್ಕೆ ಬಂದಳು. ಯಾಕೆ ಬಂದಳು ಎಂದು ಕೇಳಬೇಕೇ? ಒಂದು ದಿನ, ಎಲ್ಲರೆದುರು, ಅಪ್ಪನ ಬಾಯಿಂದ 'ತಾಳೆ' ಅನ್ನಿಸಿಕೊಳ್ಳಬೇಕಿತ್ತು ಅವಳಿಗೆ. ಅಷ್ಟೇ ಆಸೆ.

"ಇಲ್ಲಿ ನಾನು ನಿನ್ನ ಅಪ್ಪ ಅಲ್ಲ, ತಿಳೀತಾ?" ಎಂದ ಮೊದಲ ದಿನ.

"ಮನೇಲೂ ಅಷ್ಟೇನಾ ಸಾರ್?" ಎಂದಳು ಪುಟ್ಟಿ. ಫಿಟ್ಟರ್ ನಗು ತಡೆಯಲಾರದೆ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬಗ್ಗಿದ.

ಮೊದಲ ವರ್ಷದ ಕೊನೆಗೆ ಅವಳ ಪಾಲಿಗೆ ಒಂದು ದೊಡ್ಡ ಕೆಲಸ ಬಂತು. ಹೊಸ ಹಡಗಿನ ಕೊಳವೆ, ಲೆಕ್ಕವೆಲ್ಲ ಅವಳೊಬ್ಬಳದೇ. ಅದು ತಾಳೆಯಾದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆ. ಸಂಸ್ಥೆಯ ಸಾಹೇಬರು ಅವಳನ್ನು ಕರೆದು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಪುಟ್ಟಿ ಹಗಲೂ ರಾತ್ರಿ ಕೂತು ಲೆಕ್ಕ ಮಾಡಿದಳು. ತಾಯಿ ತಟ್ಟೆಗೆ ಬಡಿಸಿ ತಂದು ಕಂಪ್ಯೂಟರಿನ ಪಕ್ಕದಲ್ಲಿಟ್ಟರೆ ಅದು ಅಲ್ಲೇ ಆರುತ್ತಿತ್ತು. ಕವರಿಗೆ ಸಹಿ ಹಾಕಿ ಬೀರುವಿಗೆ ಕೊಟ್ಟ ದಿನ ಹೆಂಡತಿ ಗಂಡನಿಗೆ ಹೇಳಿದಳು:

"ರೀ, ಒಂದ್ಸಲ ಒಳ್ಳೆ ಮಾತಾಡಿ ಅವಳ ಹತ್ರ. ನಿಮ್ಮ ಗಂಟೇನೂ ಹೋಗಲ್ಲ."

"ಅಳತೆ ಮಾತಾಡುತ್ತೆ," ಎಂದ ತಕ್ಕಡಿ.

ಕೊಳವೆಗೆ ಬಿಲ್ಲೆ ಹಾಕುವ ದಿನ ಸೆಕೆ ವಿಪರೀತ. ಗೇಜು ಅಂಟಿಸಿದ ಗೋಂದಿನ ವಾಸನೆ ಶೆಡ್ಡಿನಲ್ಲಿ ತುಂಬಿ ತಲೆ ಸಿಡಿಯುತ್ತಿತ್ತು. ಹಿಂಬಾಗಿಲು ತೆರೆದರೆ ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಏಳು ಬಿಲ್ಲೆ ಹಾಕಬೇಕಿತ್ತು. ಆರು ಹಾಕಿ, ಏಳನೆಯದನ್ನು ಕೈಯಲ್ಲಿ ಹಿಡಿದ ತಕ್ಕಡಿ, "ಈ ಬಾಗಿಲಿನ ಮನೆ ಹಾಳಾಗ!" ಎಂದು ಬೈದುಕೊಂಡು ಹೋಗಿ, ಬಗ್ಗಿ, ಕೈಯಲ್ಲಿದ್ದುದನ್ನೇ ಬಾಗಿಲಿಗೆ ಅಡ್ಡ ಕೊಟ್ಟ. ಅಷ್ಟರಲ್ಲಿ ಸಾಹೇಬರ ಫೋನು ಬಂತು. ಮಾತಾಡಿ ಬಂದವನು ತಂತಿಯ ಕೊಂಡಿ ಬಿಗಿದು, ಅಲೆ ಹೊಡೆಸಲು ಹೇಳಿದ. ಎಣಿಸಲು ಇನ್ನೊಬ್ಬರು ಇದ್ದಿದ್ದರೆ ಒಂದು ಗಳಿಗೆಯ ಕೆಲಸ. ಯಾರೂ ಇರಲಿಲ್ಲ, ಇರುವುದಕ್ಕೆ ಅವನು ಬಿಟ್ಟಿರಲಿಲ್ಲ.

ತಾಳೆ ನೋಡುವ ದಿನ ಪುಟ್ಟಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಳು. ಕವರು ಒಡೆದರು. ತಕ್ಕಡಿ ಗಟ್ಟಿಯಾಗಿ ಓದಿದ. ಅಡಿಯಲ್ಲಿ ದೀಪವಿದ್ದ ಗಾಜಿನ ಮೇಜಿನ ಮೇಲೆ ಎರಡೂ ಗೆರೆ ಇಟ್ಟರು. ಅವಳ ಗೆರೆ ಕೆಳಗೆ ಮಲಗಿತ್ತು, ಅಳತೆಯ ಗೆರೆ ಅದಕ್ಕಿಂತ ಎಷ್ಟೋ ಮೇಲಿತ್ತು. ಅವಳು ಹೇಳಿದ್ದಕ್ಕಿಂತ ಕೊಳವೆ ಬಹಳ ಹೆಚ್ಚು ಬಗ್ಗಿತ್ತು.

ಪುಟ್ಟಿ ಮೇಜಿನ ಗಾಜನ್ನೇ ನೋಡುತ್ತಿದ್ದಳು. "ಸಾರ್, ಇನ್ನೊಂದ್ಸಲ ಅಳೆದು ನೋಡೋಣ," ಎಂದಳು. ದನಿ ನಡುಗಿತು. "ಒಂದೇ ಒಂದ್ಸಲ."

ಅವನು ಅಪ್ಪನಾಗಿದ್ದರೆ ಆ ದನಿ ಕೇಳಿಯೇ ಎದ್ದು ಹೋಗಿ ತೊಟ್ಟಿಗೆ ಇಳಿಯುತ್ತಿದ್ದ. ಇವನು ಸುತ್ತ ಕೂತವರ ಮುಖ ನೋಡಿ, ನಗುವುದಕ್ಕೆ ಅವರಿಗೆ ಸಮಯ ಕೊಟ್ಟು, ಹೇಳಿದ: "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ತಾಳೆಯಿಲ್ಲ!"

ಎಲ್ಲರೂ ನಕ್ಕರು. ಪುಟ್ಟಿ ತನ್ನ ಹಾಳೆ ಮಡಚಿಕೊಂಡು ಮೆಟ್ಟಿಲು ಹತ್ತಿದಳು.

ಮರುದಿನ ಮಳೆ ಬರುವ ಹಾಗಿತ್ತು. ಹಿಂಬಾಗಿಲು ಮುಚ್ಚಲು ಹೋದ ತಕ್ಕಡಿ ಕಾಲಿನಿಂದ ಅಡ್ಡವನ್ನು ಸರಿಸಿದ. ಅದು ಭಾರವಾಗಿ, ನೆಲ ಕೆರೆಯುತ್ತ ಸರಿಯಿತು. ಬಗ್ಗಿ ನೋಡಿದ. ಬಿಲ್ಲೆ. ಏಳನೆಯದು. ಅವನಿಗೆ ಅರ್ಥವಾಗಲು ಯಾವ ಕಂಪ್ಯೂಟರೂ ಬೇಕಿರಲಿಲ್ಲ. ಎಳೆತ ಕಡಿಮೆ ಇತ್ತು, ಅದಕ್ಕೇ ಕೊಳವೆ ಹೆಚ್ಚು ಬಗ್ಗಿತು. ನೆಲ ನಿಜವಾಗಿಯೂ ಡೊಂಕಾಗಿತ್ತು, ಡೊಂಕು ಮಾಡಿದವನು ತಾನೇ. ಸುತ್ತ ನೋಡಿ, ಬಿಲ್ಲೆಯನ್ನು ಅಂಗಿಯ ಚುಂಗಿನಿಂದ ಒರೆಸಿ, ಉಳಿದವುಗಳ ಜೊತೆ ಸಾಲಾಗಿ ಇಟ್ಟ. ಹೊರಗಿನಿಂದ ಒಂದು ಇಟ್ಟಿಗೆ ತಂದು ಬಾಗಿಲ ಬುಡದಲ್ಲಿಟ್ಟ.

"ಬಾಗಿಲಿಗೆ ಇಟ್ಟಿಗೆ ತಂದ್ರಾ ಸಾರ್?" ಎಂದ ಫಿಟ್ಟರ್, ಸುಮ್ಮನೆ ಮಾತಿಗೆ.

"ಮತ್ತೇನು ಇಡ್ತಾರೆ ಬಾಗಿಲಿಗೆ? ಬಿಲ್ಲೆ ಇಡ್ತಾರಾ? ನಿನ್ನ ಕೆಲಸ ನೀನು ನೋಡು!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಫಿಟ್ಟರ್ ಪುಣ್ಯಾತ್ಮ, ಸಾರ್‌ಗೆ ಇವತ್ತು ಹೊಟ್ಟೆ ಸರಿಯಿಲ್ಲ ಅಂದುಕೊಂಡು ಹೋದ.

ಈಗಲಾದರೂ ಹೇಳಬಹುದಿತ್ತು. ಪುಟ್ಟಿಯನ್ನು ಕೆಲಸದಿಂದ ತೆಗೆಯುವ ಆಜ್ಞೆಗೆ ಇನ್ನೂ ಸಹಿ ಬಿದ್ದಿರಲಿಲ್ಲ. ಸಾಹೇಬರೇ ಅವನ ಕೋಣೆಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ಕೇಳಿದರು ಕೂಡ: "ನೋಡಿ, ಹುಡುಗಿ ಬುದ್ಧಿವಂತೆ. ಇಷ್ಟು ತಪ್ಪು ಮಾಡೋಳಲ್ಲ ಅಂತ ನನಗನ್ಸುತ್ತೆ. ನೀವು ಹೂಂ ಅಂದ್ರೆ ಇನ್ನೊಂದ್ಸಲ ಅಳೆಸ್ತೀನಿ. ಮಗಳು ಅಂತ ಸಂಕೋಚ ಮಾಡ್ಕೋಬೇಡಿ."

ಎಂಥ ದಾರಿ ತೆರೆದುಕೊಟ್ಟರು ಆ ಮನುಷ್ಯ! ತಪ್ಪು ಒಪ್ಪಿಕೊಳ್ಳಬೇಕಾಗಿಯೂ ಇರಲಿಲ್ಲ, ಹೂಂ ಎಂದರೆ ಸಾಕಿತ್ತು. ಆದರೆ ಮತ್ತೆ ಅಳೆದರೆ ಗೆರೆ ಬೇರೆ ಬರುತ್ತದೆ, ಬೇರೆ ಬಂದರೆ ಮೊದಲಿನದೇನಾಗಿತ್ತು ಎಂದು ಕೇಳುತ್ತಾರೆ, ಕೇಳಿದರೆ ಊಟದ ಕೋಣೆಯಲ್ಲಿ ತನಗೊಂದು ಹೊಸ ಹೆಸರು ಬೀಳುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ನಿವೃತ್ತಿಗೆ ಎರಡೇ ವರ್ಷ.

"ನನ್ನ ಅಳತೆ ಎರಡು ಸಲ ಆಗಲ್ಲ ಸಾರ್," ಎಂದ. "ಮಗಳಾದ್ರೇನು, ನ್ಯಾಯ ನ್ಯಾಯವೇ."

ಸಾಹೇಬರು ಎದ್ದು ಅವನ ಕೈ ಕುಲುಕಿದರು. ಅಂಥ ಮನುಷ್ಯರು ಈಗೆಲ್ಲಿ ಎಂದು ಮಹಡಿಯವರೆಗೂ ಹೊಗಳುತ್ತ ಹೋದರು. ವಾರದ ಕೊನೆಗೆ ಪುಟ್ಟಿ ಮೇಜು ಖಾಲಿ ಮಾಡಿ, ತನ್ನ ಲೋಟ, ಸ್ಕೇಲು, ಕುರ್ಚಿಯ ದಿಂಬು ಒಂದು ಚೀಲಕ್ಕೆ ತುಂಬಿಕೊಂಡು ಬಂದಳು. ಬಸ್ಸಿನಲ್ಲಿ ಅಪ್ಪ ಮುಂದೆ ಕೂತ, ಮಗಳು ಹಿಂದೆ ನಿಂತಳು.

ಆಮೇಲೆ ಅವನು ಏನು ಮಾಡಿದ ಗೊತ್ತೇ? ತಪ್ಪು ಮಾಡಿದವನು ಬಾಯಿ ಮುಚ್ಚಿಕೊಂಡಾದರೂ ಇರುತ್ತಾನೆ. ಇವನು ಮಗಳಿಗೆ ಅಂದಾಜಮ್ಮ ಎಂದು ಹೆಸರಿಟ್ಟ! ಪೇಟೆಯಲ್ಲಿ ನಲ್ಲಿ, ಪ್ಲಾಸ್ಟಿಕ್ ಪೈಪು ಮಾರುವ ಅಂಗಡಿಯಲ್ಲಿ ಅವಳಿಗೆ ಬಿಲ್ ಬರೆಯುವ ಕೆಲಸ ಸಿಕ್ಕಿತು. ಬೇರೆ ಕಚೇರಿಗಳಿಗೆ ಅರ್ಜಿ ಹಾಕಿದರೆ, ಮೊದಲ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳುತ್ತಿದ್ದರು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮನೆಗೆ ಬಂದ ನೆಂಟರ ಮುಂದೆ ತಕ್ಕಡಿ, "ನಮ್ಮ ಅಂದಾಜಮ್ಮ ಪೈಪು ಮಾತ್ರ ಬಿಡಲಿಲ್ಲ ನೋಡಿ," ಎನ್ನುತ್ತಿದ್ದ. ನೆಂಟರು ನಗುತ್ತಿದ್ದರು. ಪುಟ್ಟಿ ಎಲ್ಲರಿಗೂ ನೀರು ತಂದುಕೊಟ್ಟು ಒಳಗೆ ಹೋಗುತ್ತಿದ್ದಳು.

"ನಿಮಗೆ ಕರುಳಿದೆಯೇನ್ರೀ?" ಎಂದು ಹೆಂಡತಿ ಒಮ್ಮೆ ಕೇಳಿದಳು.

"ಗಟ್ಟಿಯಾಗ್ಲಿ ಅಂತ ಕಣೇ. ಸೋಲು ಒಳ್ಳೇದು."

ಅವನ ಮನಸ್ಸಿಗೆ ಏನೂ ಆಗುತ್ತಿರಲಿಲ್ಲ ಎಂದು ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ. ಬಿಲ್ಲೆ ಕೈಗೆತ್ತಿಕೊಂಡಾಗಲೆಲ್ಲ ಅಂಗೈ ಬೆವರುತ್ತಿತ್ತು. ಆದರೆ ಆ ಬೆವರಿಗೂ ಅವನಿಗೆ ಮಗಳ ಮೇಲೆಯೇ ಸಿಟ್ಟು ಬರುತ್ತಿತ್ತು: ಇವಳು ಇಲ್ಲಿಗೇ ಬಂದು ಸಾಯಬೇಕಿತ್ತೇ, ಬೇರೆಲ್ಲೂ ಜಾಗ ಇರಲಿಲ್ಲವೇ ಅಂತ. ಹೀಗೆ ಎರಡು ವರ್ಷ ಕಳೆಯಿತು.

ನಿವೃತ್ತಿಯ ದಿನ ಶೆಡ್ಡಿನಲ್ಲೇ ಸಭೆ. ಒಂದು ಸಲವೂ ಅಳತೆ ತಪ್ಪದವರು, ಸ್ವಂತ ಮಗಳಿಗೂ ಮುಲಾಜು ನೋಡದವರು ಎಂದು ಸಾಹೇಬರು ಭಾಷಣ ಮಾಡಿದರು. ಚಪ್ಪಾಳೆ ಜೋರಾಗಿತ್ತು. ದೊಡ್ಡದೊಂದು ಗೋಡೆ ಗಡಿಯಾರ ಕೊಟ್ಟು, ತಮ್ಮ ಕಾರಿನಲ್ಲೇ ಅವನನ್ನು ಮನೆಗೆ ತಂದುಬಿಟ್ಟರು. ಒಳಗೆ ಬಂದು ಕೂತ ಸಾಹೇಬರಿಗೆ ಹೆಂಡತಿ ಟೀ ಮಾಡಿಕೊಟ್ಟಳು. ಪುಟ್ಟಿ ಅಂಗಡಿಯಿಂದ ಸ್ವಲ್ಪ ಹೊತ್ತಿಗೆಂದು ಬಿಡುವು ಪಡೆದು ಬಂದಿದ್ದಳು. ಗಡಿಯಾರ ಮೇಜಿನ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು.

ಹೆಂಡತಿ ಒಳಗೆ ಹೋಗಿ, ಹೊದಿಕೆಗಳ ಅಡಿಯಿಂದ ಒಂದು ಕವರು ತಂದಳು. "ತಾಳೆ ನೋಡಿದ್ರಲ್ಲ, ಅವತ್ತು ಸಂಜೆ ಪುಟ್ಟಿ ಕೊಟ್ಟಿದ್ದಳು. ನೀವು ರಿಟೈರ್ ಆದ ದಿನ ಕೊಡು ಅಂದಿದ್ದಳು. ಒಳಗೇನಿದೆಯೋ ನನಗೂ ಗೊತ್ತಿಲ್ಲ."

ಕವರನ್ನು ಅಂಟಿಸಿ, ಅಂಟಿನ ಮೇಲೆ ಅಡ್ಡಡ್ಡ ಸಹಿ ಮಾಡಿ, ತಾರೀಕು ಹಾಕಿತ್ತು. ಸಾಹೇಬರು ಕಂಡು ನಕ್ಕುಬಿಟ್ಟರು. "ಇದು ನಮ್ಮ ಕವರೇ ಅಲ್ವೇನ್ರೀ! ಒಡೀರಿ, ಒಡೀರಿ. ಗಟ್ಟಿಯಾಗಿ ಓದಿ, ನಿಯಮ ನಿಮ್ಮದೇ."

ಮಗಳು ಅಪ್ಪನನ್ನು ಹೊಗಳಿ ಏನೋ ಬರೆದಿದ್ದಾಳೆ ಅಂದುಕೊಂಡ ತಕ್ಕಡಿ. ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಶೆಡ್ಡಿನಲ್ಲಿ ಓದುತ್ತಿದ್ದ ಅದೇ ದನಿಯಲ್ಲಿ ಶುರುಮಾಡಿದ:

"ಒಂದು ಬಿಲ್ಲೆ ಕಡಿಮೆ ಇಟ್ಟು ಲೆಕ್ಕ ಮಾಡಿದರೆ ನನ್ನ ಗೆರೆ ಅಳತೆಯ ಮೇಲೆ ಸರಿಯಾಗಿ ಕೂರುತ್ತದೆ. ಅಪ್ಪ ಆರೇ ಬಿಲ್ಲೆ ಹಾಕಿದ್ದಾರೆ. ನಾಲ್ಕು ದಿನದಲ್ಲಿ ಅದು ಅವರಿಗೆ ತಿಳಿಯುತ್ತದೆ. ತಿಳಿದರೂ..."

ಅಲ್ಲಿಗೆ ದನಿ ನಿಂತಿತು. ಸಾಹೇಬರ ಕೈಯ ಲೋಟ ಬಾಯಿಯ ಹತ್ತಿರವೇ ಉಳಿಯಿತು.

"ಓದಿ ಅಪ್ಪ," ಎಂದಳು ಪುಟ್ಟಿ. "ಗಟ್ಟಿಯಾಗಿ. ಅಮ್ಮನಿಗೆ ಕೇಳಿಸ್ತಿಲ್ಲ."

"ತಿಳಿದರೂ ಯಾರಿಗೂ ಹೇಳುವುದಿಲ್ಲ. ನಿವೃತ್ತಿಯವರೆಗೂ ಹೇಳುವುದಿಲ್ಲ. ಇದನ್ನು ಓದಿದ ಮೇಲೂ ಒಪ್ಪುವುದಿಲ್ಲ."

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು. "ಪುಟ್ಟಿ, ಅವತ್ತೇ ಗೊತ್ತಿತ್ತೇನೇ ನಿನಗೆ? ಯಾಕೆ ಬಾಯಿ ಬಿಡಲಿಲ್ಲ?"

"ಹೇಳಿದ್ರೆ ಅಳತೆ ಕೆಡ್ತಿತ್ತಮ್ಮ. ಲೆಕ್ಕ ಮೊದಲೇ ತೋರಿಸಬಾರದು ಅಂತ ಅಪ್ಪನೇ ಮಾಡಿರೋ ನಿಯಮ." ಪುಟ್ಟಿ ಅಪ್ಪನ ಕಡೆಗೆ ತಿರುಗಿದಳು. "ನನ್ನ ಲೆಕ್ಕ ತಪ್ಪಾಗ್ಲಿ ಅಂತ ದಿನಾ ಕಾದೆ ಅಪ್ಪ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ನೀವು ಅಂದಾಜಮ್ಮ ಅಂದಾಗ್ಲೂ ಕಾದೆ. ಇನ್ನೂ ಒಂದು ಸಾಲು ತಾಳೆ ನೋಡೋದು ಉಳಿದಿದೆ. ಅದೊಂದಾದ್ರೂ ತಪ್ಪು ಮಾಡಿ. ಹೌದು ಅಂದ್ಬಿಡಿ, ಸಾಕು. ನನಗೆ ಬೇರೇನೂ ಬೇಡ."

ತಕ್ಕಡಿ ಮಗಳನ್ನು ನೋಡಿದ. ಕಣ್ಣು ತುಂಬಿಕೊಂಡು, ಚಿಕ್ಕವಳಿದ್ದಾಗ ಅಂಕಪಟ್ಟಿ ಹಿಡಿದು ನಿಲ್ಲುತ್ತಿದ್ದ ಹಾಗೇ ನಿಂತಿದ್ದಳು. ಒಂದು ಗಳಿಗೆ ಅವನ ತುಟಿ ಅದುರಿತು. ಹೆಂಡತಿ ಅದನ್ನು ಕಂಡು ದೇವರೇ ಎಂದುಕೊಂಡಳು. ಆಮೇಲೆ ಅವನ ಕಣ್ಣು ಸಾಹೇಬರ ಮೇಲೆ ಹೋಯಿತು, ಗಡಿಯಾರದ ಮೇಲೆ ಹೋಯಿತು. ಗಡಿಯಾರದ ಕೆಳಗೆ ಅವನ ಹೆಸರನ್ನು ಹಿತ್ತಾಳೆಯಲ್ಲಿ ಕೆತ್ತಿಸಿದ್ದರು.

"ತಾಳೆಯಿಲ್ಲ," ಎಂದ.

ಪುಟ್ಟಿ ಕಣ್ಣೊರೆಸಿಕೊಂಡಳು. "ಆಯ್ತು ಅಪ್ಪ. ಒಂದು ಸಾಲೂ ತಪ್ಪಲಿಲ್ಲ," ಎಂದಳು. ಅಂಗಡಿಗೆ ಹೊತ್ತಾಯಿತೆಂದು ಚೀಲ ತೆಗೆದುಕೊಂಡಳು.

ಸಾಹೇಬರು ಟೀ ಪೂರ್ತಿ ಕುಡಿಯದೆ ಎದ್ದರು. ಕೈ ಕುಲುಕಲಿಲ್ಲ. ಹೆಂಡತಿ ಲೋಟಗಳನ್ನು ಅಲ್ಲೇ ಬಿಟ್ಟು, ಸೆರಗು ಸರಿಮಾಡಿಕೊಂಡು, "ತಾಳು ಪುಟ್ಟಿ, ನಾನೂ ಬರ್ತೀನಿ," ಎಂದು ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಎಂದು ಅವನು ಕೇಳಿದ. ಅವಳು ಆಗಲೇ ಹೊಸ್ತಿಲು ದಾಟಿದ್ದಳು.

ಮೂವರೂ ಹೋದ ಮೇಲೆ ಬೀದಿಬಾಗಿಲು ಗಾಳಿಗೆ ಪಟಪಟನೆ ಬಡಿದುಕೊಳ್ಳತೊಡಗಿತು. ತಕ್ಕಡಿ ಸ್ವಲ್ಪ ಹೊತ್ತು ಕೇಳುತ್ತ ಕೂತಿದ್ದ. ಆಮೇಲೆ ಎದ್ದು, ಸುತ್ತಮುತ್ತ ಬೇರೇನೂ ಕಾಣದೆ, ಗಡಿಯಾರವನ್ನು ಎತ್ತಿಕೊಂಡು ಹೋಗಿ ಬಾಗಿಲಿಗೆ ಅಡ್ಡ ಇಟ್ಟ.